ಹಿಂದಿರುಗಿ ನೋಡದ ಸವಾರ

ಮಳೆಯಲ್ಲಿ ಫಟಫಟಿಯನ್ನು ಜೋಪಾನವಾಗಿ ಓಡಿಸುವುದು ಹೇಗೆ ಎಂಬುದನ್ನು ನನ್ನ ಗಂಡ ಜಂಬಣ್ಣನವರಷ್ಟು ಚೆನ್ನಾಗಿ ಬಲ್ಲವರು ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರೂ ಊರುಗಳಲ್ಲಿ ಯಾರೂ ಇರಲಿಲ್ಲ. ಆ ಕಾಲಕ್ಕೆ ಈ ಮೂರೂ ಊರು ಸೇರಿಸಿದರೂ ಫಟಫಟಿ ಇದ್ದವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಒಬ್ಬರಾದರೂ ಮಳೆಯಲ್ಲಿ ಅದನ್ನು ಅಂಗಳಕ್ಕೆ ಇಳಿಸುವಷ್ಟು ದಡ್ಡರಾಗಿರಲಿಲ್ಲ. ನನ್ನ ಗಂಡನೂ ಇಳಿಸಿದವರಲ್ಲ. ಮಳೆಯ ಬಗ್ಗೆ ಅವರಿಗಿದ್ದ ಜ್ಞಾನವೆಲ್ಲ ಬಿಸಿಲಿನಲ್ಲಿ ಬೆಳೆದದ್ದು.

ಫಟಫಟಿಯೆಂಬ ಆ ಮೋಟಾರ್ ಸೈಕಲ್ಲು ನಮ್ಮ ಮನೆಗೆ ಬಂದದ್ದು ಸಿಕಂದರಾಬಾದಿನಲ್ಲಿ ದಂಡಿನ ಹಳೆಯ ಸಾಮಾನು ಹರಾಜಾದಾಗ. ರಜಾಕಾರರ ಗಲಾಟೆ ಮುಗಿದು ಊರು ಉಸಿರು ಬಿಟ್ಟಿತ್ತು. ಎಲ್ಲರಿಗೂ ಏನಾದರೊಂದು ಹೊಸದು ಮಾಡುವ ಹುಕಿ. ಕೆಲವರು ಕಾಲುವೆ ಬರುತ್ತದೆಂದು ಭತ್ತದ ಕನಸು ಕಂಡರು. ನನ್ನ ಗಂಡ ಫಟಫಟಿ ಕೊಂಡರು. ಪ್ರತಿದಿನ ಅದನ್ನು ಒರೆಸಿ, ವಿಭೂತಿ ಹಚ್ಚಿ, ನಮ್ಮ ಕಾಳಿನ ಅಡತಿ ಅಂಗಡಿಯ ಮುಂದೆ ನೆರಳಲ್ಲಿ ನಿಲ್ಲಿಸಿ, ಅದರ ಪಕ್ಕದಲ್ಲಿ ಕುಳಿತು ಪಾಠ ಹೇಳುತ್ತಿದ್ದರು.

“ಮಳ್ಯಾಗ ಬ್ರೇಕು ಒಮ್ಮಿಗೆಲೇ ಹಿಡೀಬಾರದ್ರೀ. ನೀರು ನಿಂತಲ್ಲಿ ಗಾಲಿ ಇಳಸಬಾರದು, ತಳದಾಗ ಏನೈತೋ ಯಾರಿಗ್ಗೊತ್ತು. ಎಲ್ಲಾಕಿಂತ ದೊಡ್ಡ ಮಾತಂದ್ರ, ಹಿಂದ ತಿರುಗಿ ನೋಡಬಾರದು. ಕುತ್ತಿಗಿ ತಿರುಗಿದ್ರ ಹ್ಯಾಂಡಲ್ ತಿರುಗತೈತಿ, ಹ್ಯಾಂಡಲ್ ತಿರುಗಿದ್ರ ಹಲ್ಲು ಹೋಗ್ತಾವ.”

“ಅದಕ್ಕ ನೀ ಗಾಡೀನ ಹೊರಗ ತೆಗ್ಯಂಗಿಲ್ಲ ಬಿಡು,” ಎಂದು ಪಕ್ಕದ ಅಂಗಡಿಯ ಅಮರಗುಂಡಪ್ಪ ಹೇಳುತ್ತಿದ್ದ. “ಹಲ್ಲು ಗಟ್ಟಿ ಅದಾವ.”

ಐವತ್ಮೂರನೆಯ ಇಸವಿಯ ಭಾದ್ರಪದದಲ್ಲಿ ನನಗೆ ಸರಕಾರದ ಹುಕುಂ ಬಂತು. ಲಿಂಗಸುಗೂರಿನಲ್ಲಿ ಹೊಸದಾಗಿ ತೆರೆದ ಹೆಣ್ಣುಮಕ್ಕಳ ಶಾಲೆಗೆ ನನ್ನನ್ನು ನೇಮಿಸಿದ್ದರು. ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದು ಮೂರು ವರ್ಷವಾಗಿತ್ತು. ಅಲ್ಲಿಂದ ಈಚೆಗೆ ಸಿಂಧನೂರಿನ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದೆ. ರೊಟ್ಟಿಗೆ ಬಿ.ಎ. ಅಡ್ಡಿಯಾಗಲಿಲ್ಲ, ನಿಜ. ಉಪಕಾರವನ್ನೂ ಮಾಡಲಿಲ್ಲ. ಹಾಗಾಗಿ ಆ ಕಾಗದ ಬಂದ ದಿನ ನಾನು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ಒಬ್ಬಳೇ ನಿಂತು ಬಂದೆ. ಇಂಥ ದಿನದೊಳಗೆ ಹಾಜರಾಗದಿದ್ದರೆ ನೇಮಕ ರದ್ದಾಗಿ ಮುಂದಿನವರಿಗೆ ಹೋಗುತ್ತದೆ ಎಂದು ಅದರಲ್ಲಿ ಬರೆದಿತ್ತು. ಕಾಗದ ಬಂದಾಗ ಕೈಯಲ್ಲಿ ಹತ್ತು ಹನ್ನೆರಡು ದಿನಗಳಿದ್ದವು.

ನನ್ನ ಮಾವ ಸೂಗಪ್ಪನವರು ಒಳ್ಳೆಯ ಮನುಷ್ಯರು. ಸೊಸೆ ನೌಕರಿಗೆ ಹೋಗಬಾರದು ಎಂದು ಅವರು ಒಮ್ಮೆಯೂ ಅನ್ನಲಿಲ್ಲ. ಹುಕುಮನ್ನು ದೇವರ ಜಗುಲಿಯ ಮೇಲಿಟ್ಟು ಪೂಜೆ ಮಾಡಿದರು, ಅಷ್ಟೇ. ಶುಭಕಾರ್ಯಕ್ಕೆ ಶಿವನ ವಾರವೇ ಆಗಬೇಕು ಎಂದರು. ಮೊದಲನೆಯ ಸೋಮವಾರ ಅಮಾವಾಸ್ಯೆ ಬಂತು. ಎರಡನೆಯ ಸೋಮವಾರ ಪಂಚಾಂಗದ ಪ್ರಕಾರ ಬಹಳ ಶ್ರೇಷ್ಠವಾಗಿತ್ತು, ಸರಕಾರದ ಪ್ರಕಾರ ಕಡೆಯ ದಿನವಾಗಿತ್ತು. ಉತ್ತರಿ ಮಳೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅದು ಭಾನುವಾರ ಸಂಜೆಯೇ ಶುರುವಾಯಿತು.

ಸೋಮವಾರ ಬೆಳಿಗ್ಗೆ ಬಸ್ಸು ಬರಲಿಲ್ಲ. ಅದು ಎಲ್ಲೋ ಎರೆ ಮಣ್ಣಿನಲ್ಲಿ ಹೂತು ನಿಂತಿದೆ ಎಂದು ಸುದ್ದಿ ಬಂತು. ಮಾವನವರು ಕಂಬಕ್ಕೊರಗಿ ಮಳೆಯನ್ನು ನೋಡಿದರು. ನಾನು ಮಾವನವರನ್ನು ನೋಡಿದೆ. ಅತ್ತೆ ಗುರುಲಿಂಗಮ್ಮ ನಮ್ಮಿಬ್ಬರನ್ನೂ ನೋಡಿ, ಮಗನ ಕಡೆ ತಿರುಗಿ ಹೇಳಿದರು:

“ಇಷ್ಟ್ ದಿವಸ ಮಳ್ಯಾಗ ಹ್ಯಾಂಗ ಓಡಸಬೇಕು ಅಂತ ಊರಿಗೆಲ್ಲಾ ಹೇಳೀದಿ. ಇವತ್ತ ಓಡಿಸಿ ತೋರಸಪ್ಪಾ.”

ನನ್ನ ಗಂಡನ ಮುಖ ಕಂಡು ನನಗೆ ಅಯ್ಯೋ ಅನ್ನಿಸಿತು. ಆದರೆ ಅವರು ಎದ್ದರು. ಅದನ್ನು ನಾನು ಮರೆಯುವುದಿಲ್ಲ. ನೆಟ್ಟಗೆ ಹೋಗಿ ಫಟಫಟಿಯ ಮೇಲಿನ ಗೋಣಿತಟ್ಟು ತೆಗೆದರು.

ಆಗ ಎದ್ದದ್ದು ನಿಜವಾದ ಪ್ರಶ್ನೆ. ಮಳೆಯಲ್ಲ, ಹಳ್ಳವಲ್ಲ, ಜಾರುವ ದಾರಿಯಲ್ಲ. ನಾನು ಹೇಗೆ ಕೂಡಬೇಕು ಎಂಬುದು.

“ಗಂಡನ ನಡಾ ಹಿಡಕೊಂಡು ಬಜಾರದಾಗ ಹೋಗೋದಾ? ಸೂಗಪ್ಪನ ಸೊಸಿ?” ಎಂದರು ಮಾವನವರು. “ಮಂದಿ ಏನಂದಾರು?”

“ಮಂದಿ ಇಂಥಾ ಮಳ್ಯಾಗ ಬಜಾರಕ್ಕ ಬಂದ್ರ ತಾನ ಅನ್ನೋದು,” ಎಂದರು ಅತ್ತೆ.

“ಕಿಟಕಿ ಇರಂಗಿಲ್ಲೇನು ಮಂದೀಗೆ?”

ಬಹಳ ಹೊತ್ತು ಚರ್ಚೆಯಾಯಿತು. ಅಷ್ಟರಲ್ಲಿ ರಾಹುಕಾಲ ಕಳೆದದ್ದೊಂದು ಲಾಭ. ಕಡೆಗೆ ದಾರಿ ಕಂಡುಹಿಡಿದವರು ಮಾವನವರೇ. ಎತ್ತಿನ ಬಂಡಿಯಲ್ಲಿ ಹೆಣ್ಣುಮಕ್ಕಳು ಹಿಂದಕ್ಕೆ ಮುಖ ಮಾಡಿ ಕಾಲು ಇಳಿಬಿಟ್ಟು ಕೂಡುವುದಿಲ್ಲವೇ? ಹಾಗೆಯೇ ಇಲ್ಲಿಯೂ ಕೂಡಲಿ. ಗಂಡನ ಮುಖ ಲಿಂಗಸುಗೂರಿನ ಕಡೆ, ಹೆಂಡತಿಯ ಮುಖ ಸಿಂಧನೂರಿನ ಕಡೆ. ನಡುವೆ ನನ್ನ ಹಾಸಿಗೆಯ ಸುರುಳಿ ನಿಲ್ಲಿಸಿ ಕಟ್ಟಿದರೆ ಬೆನ್ನಿಗೆ ಬೆನ್ನೂ ತಾಗದು. ಲಿಂಗಸುಗೂರಿನಲ್ಲಿ ಅತ್ತೆಯ ತಂಗಿಯ ಮನೆಯಲ್ಲಿ ನಾನು ಇರಬೇಕಾಗಿದ್ದರಿಂದ ಹಾಸಿಗೆ ಹೇಗೂ ಬರಲೇಬೇಕಿತ್ತು. ಮಾನ, ಹಾಸಿಗೆ ಎರಡೂ ಒಂದೇ ಹಗ್ಗದಲ್ಲಿ ಭದ್ರವಾದವು.

ಅತ್ತೆ ಹತ್ತಿರ ಬಂದರು. ಹಗ್ಗ ಬಿಗಿಯುವ ನೆಪದಲ್ಲಿ ಹಾಸಿಗೆಗೆ ಹಳೆಯ ಸೀರೆಯ ಅಂಚಿನಿಂದ ಎರಡು ಕುಣಿಕೆ ಕಟ್ಟಿಕೊಟ್ಟು, “ಕೈ ತೂರಿಸಿಕೊಂಡು ಕೂಡು,” ಎಂದು ಕಿವಿಯಲ್ಲಿ ಹೇಳಿದರು.

ನನ್ನ ಗಂಡ ಹುಕುಮನ್ನು ಮೇಣಗಪ್ಪಡದಲ್ಲಿ ಸುತ್ತಿ ಒಳಜೇಬಿನಲ್ಲಿಟ್ಟು, ಗಾಡಿಯ ಮೇಲೆ ಕುಳಿತು, ನನಗೆ ಕಾಯಿದೆ ಹೇಳಿದರು.

“ನಾ ತಿರುಗಿ ನೋಡಂಗಿಲ್ಲ. ಕೂತ ಮ್ಯಾಲ ಛತ್ರಿ ಹಿಡಿಕೀಲಿಂದ ಮಡ್‌ಗಾರ್ಡ್ ಬಡಿ. ಬಡದ್ರ ನೀ ಕೂತೀದಿ ಅಂತ ತಿಳಕೊಂಡು ಬಿಡ್ತೀನಿ.”

“ಬಿದ್ರ ಏನ್ ಬಡೀಬೇಕ್ರೀ?”

“ಬೀಳಾಕ ಯಾಕ ಹೋಗ್ತೀ?” ಎಂದರು. ನಾನು ಮಡ್‌ಗಾರ್ಡ್ ಬಡಿದೆ. ಹೊರಟೆವು.

ಹಿಂದಕ್ಕೆ ಮುಖ ಮಾಡಿ ಊರು ಬಿಡುವುದರಲ್ಲಿ ಒಂದು ಸುಖವಿದೆ. ಎಲ್ಲರೂ ಮೊದಲು ನನ್ನ ಗಂಡನನ್ನು ನೋಡಿ ಹಲ್ಲು ಕಿರಿಯುತ್ತಿದ್ದರು, ಆಮೇಲೆ ನನ್ನನ್ನು ಕಂಡು ಬಾಯಿ ಮುಚ್ಚುತ್ತಿದ್ದರು. ನನಗೆ ಮುಚ್ಚಿದ ಬಾಯಿಗಳೇ ಕಂಡವು. ಮಾವನವರು ಹೇಳಿದ್ದು ಸರಿ, ಬಜಾರದ ಪ್ರತಿ ಕಿಟಕಿಯಲ್ಲೂ ಮಂದಿಯಿದ್ದರು. ಗಂಡನನ್ನು ಹಿಡಿದುಕೊಂಡು ಹೋಗಿದ್ದರೆ ಒಂದು ದಿನ ಆಡಿಕೊಳ್ಳುತ್ತಿದ್ದರು. ಮಾನ ಕಾಪಾಡಿಕೊಂಡು ಹೋದದ್ದರಿಂದ ಐವತ್ತಾರರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಆಡಿಕೊಂಡರು.

ಛತ್ರಿ ಬಿಚ್ಚಿಕೊಂಡು ಕೂಡಬೇಕೆಂದೂ ಅಪ್ಪಣೆಯಾಗಿತ್ತು. ಊರು ದಾಟುತ್ತಲೇ ಆ ಛತ್ರಿ ನನ್ನನ್ನು ಸಿಂಧನೂರಿಗೆ ವಾಪಸು ಕರೆದೊಯ್ಯಲು ಬಹಳ ಪ್ರಯತ್ನ ಮಾಡಿತು. ಅತ್ತೆಯ ಕುಣಿಕೆಗಳು ಬಿಡಲಿಲ್ಲ. ಕಡೆಗೆ ನಾನು ಅದನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ನೆನೆಯುತ್ತ ಕುಳಿತೆ.

ನನ್ನ ಗಂಡ ಮಾತ್ರ ತಮ್ಮ ಪಾಠವನ್ನು ಒಂದಕ್ಷರ ಬಿಡದೆ ಪಾಲಿಸಿದರು. ನಿಂತ ನೀರು ಕಂಡರೆ ಇಳಿದು, ಕೋಲು ಹಾಕಿ ಆಳ ನೋಡಿ, ಮತ್ತೆ ಹತ್ತಿ, ಸುತ್ತುಹಾಕಿ ಹೋಗುವರು. ಲಾರಿ ಎದುರಾದರೆ ಅದು ಕಣ್ಣಿಗೆ ಮರೆಯಾಗುವವರೆಗೆ ಅಂಚಿನಲ್ಲಿ ನಿಲ್ಲುವರು. ನಮಗಿಂತ ಹಿಂದೆ ಹೊರಟ ಒಬ್ಬ ಮುದುಕ ಕಂಬಳಿಯ ಕೊಪ್ಪೆ ಹಾಕಿಕೊಂಡು ನಡೆಯುತ್ತ ಬಂದು ನಮ್ಮನ್ನು ದಾಟಿದ. ದಾಟುವಾಗ “ಗಾಡಿ ಕೆಟ್ಟೈತೇನ್ರೀ?” ಎಂದು ಕನಿಕರದಿಂದ ಕೇಳಿದ. “ಇಲ್ಲಪ್ಪಾ, ಜೋಪಾನ ಹೊಂಟೀವಿ,” ಎಂದರು ನನ್ನ ಗಂಡ.

ಮಸ್ಕಿಯಲ್ಲಿ ಹಳ್ಳ ಮೊಣಕಾಲುದ್ದ ಹರಿಯುತ್ತಿತ್ತು. ಹರಿಯುವ ನೀರಿನಲ್ಲಿ ಗಾಡಿಯ ಮೇಲೆ ಕೂಡಬಾರದು ಎಂಬುದೂ ಪಾಠದಲ್ಲಿತ್ತು. ದಂಡೆಯ ಚಹಾದಂಗಡಿಯಲ್ಲಿ ಕುಳಿತಿದ್ದ ನಾಲ್ಕು ಮಂದಿ, ನಾವು ಕೇಳುವ ಮೊದಲೇ ಎದ್ದು ಬಂದು, ಫಟಫಟಿಗೆ ಬಿದಿರುಗಳನ್ನು ಕಟ್ಟಿ ಹೆಗಲ ಮೇಲೆ ಹೊತ್ತು ಆಚೆ ದಡಕ್ಕೆ ಮುಟ್ಟಿಸಿದರು. ಚಹಾದಂಗಡಿಯ ಸುಭಾನಬಿ ನನ್ನ ಕೈ ಹಿಡಿದು ದಾಟಿಸಿದಳು. ಇನ್ನೊಂದು ಕೈಯಲ್ಲಿ ನನ್ನ ತಲೆಯ ಮೇಲೆ ಮೊರ ಹಿಡಿದಿದ್ದಳು. ನಾನು ಆಗಲೇ ಪೂರ್ತಿ ನೆನೆದಿದ್ದೆ. ಅದು ಅವಳಿಗೂ ಕಾಣುತ್ತಿತ್ತು. ಆದರೂ ಮೊರ ಹಿಡಿದಿದ್ದಳು.

ಮಸ್ಕಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದು ಏರು ಬಂತು. ಎರೆ ನೆಲದ ಮಣ್ಣು ದಾರಿಯ ತುಂಬ ಹರಿದು ಬಂದಿತ್ತು. ಎರೆ ಮಣ್ಣು ನೆನೆದಾಗ ಅದರ ಪ್ರೀತಿಗೆ ಮಿತಿಯಿಲ್ಲ, ಮುಟ್ಟಿದ್ದನ್ನು ಬಿಡುವುದಿಲ್ಲ. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಹಿಂದಿನ ಗಾಲಿ ತಿರುಗದಾಯಿತು.

“ಇಳೀ,” ಎಂದರು ನನ್ನ ಗಂಡ, ಮುಂದೆ ನೋಡುತ್ತಲೇ. “ಇಂಜಿನ್ ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ಲ. ನಾ ಹಿಡಕೊಂಡು ನಿಂತಿರ್ತೀನಿ. ನೀ ಗಾಲ್ಯಾಗಿನ ಮಣ್ಣು ತೆಗಿ.”

ನಾನು ಕುಣಿಕೆಯಿಂದ ಕೈ ಬಿಡಿಸಿಕೊಂಡು ಇಳಿದೆ. ಛತ್ರಿಯ ತುದಿಯಿಂದ ಮಣ್ಣು ಕೆದರಿದೆ. ಬಿ.ಎ. ಆ ದಿನ ಮೊದಲ ಬಾರಿಗೆ ಕೆಲಸಕ್ಕೆ ಬಂತು ಎನ್ನಬೇಕು, ಸನ್ನೆಕೋಲಿನ ತತ್ತ್ವ ನೆನಪಾಯಿತು. ಕೆಳಗಿನದೆಲ್ಲ ಬಂತು. ಮೇಲೆ ಅಂಟಿದ್ದು ಉದುರಲೆಂದು ಛತ್ರಿ ತಿರುಗಿಸಿ, ಹಿಡಿಕೆಯಿಂದ ಮಡ್‌ಗಾರ್ಡಿಗೆ ಎರಡು ಏಟು ಹಾಕಿದೆ.

ನನ್ನ ಗಂಡ ಹೊರಟುಹೋದರು.

“ರೀ!” ಎಂದೆ. ಫಟಫಟಿಯ ಸದ್ದಿನಲ್ಲಿ ಒಂದಕ್ಷರ ಎಷ್ಟು ದೂರ ಹೋದೀತು? “ರೀ! ರೀ!” ಎನ್ನುತ್ತ ಕೆಸರಿನಲ್ಲಿ ಓಡಿದೆ. ಅವರು ತಿರುಗಿ ನೋಡಲಿಲ್ಲ. ಬೆನ್ನಿಗೆ ಹಾಸಿಗೆ ಒತ್ತುತ್ತಿತ್ತು, ಹೆಂಡತಿ ಇದ್ದಾಳೆಂಬುದಕ್ಕೆ ಅವರಿಗಿದ್ದ ಸಾಕ್ಷಿ ಬೆಳಗಿನಿಂದಲೂ ಅದೊಂದೇ. ಗಾಡಿ ಹಗುರಾದದ್ದು ತಿಳಿಯಿತಂತೆ. ಮಣ್ಣು ತೆಗೆದ ಪುಣ್ಯ ಎಂದುಕೊಂಡರಂತೆ.

ನಿರ್ಜನ ದಾರಿ, ಕೈಯಲ್ಲಿ ಛತ್ರಿ. ಹುಕುಂ ಅವರ ಜೇಬಿನಲ್ಲಿ. ಲಿಂಗಸುಗೂರು ಇನ್ನೂ ಹತ್ತಾರು ಮೈಲಿ. ಅಳು ಬಂತು. ಆದರೆ ಮಳೆಯಲ್ಲಿ ಅತ್ತರೆ ಅತ್ತದ್ದು ನಮಗೇ ಗೊತ್ತಾಗುವುದಿಲ್ಲ. ನಡೆಯತೊಡಗಿದೆ.

ಬಹಳ ಹೊತ್ತಿನ ಮೇಲೆ ಹಿಂದಿನಿಂದ ಕಮಾನು ಹೊದಿಸಿದ ಒಂದು ಸವಾರಿ ಬಂಡಿ ಬಂತು. ಸಂತೆಕಲ್ಲೂರಿನ ಲಾಲ್‌ಬೀ ಎಂಬ ಹಿರಿಯ ಹೆಂಗಸು ಲಿಂಗಸುಗೂರಿನಲ್ಲಿ ಮಗಳ ಬಾಣಂತನಕ್ಕೆ ಹೊರಟಿದ್ದಳು. ಬಂಡಿ ಹೊಡೆಯುತ್ತಿದ್ದವನು ಅಂಬಪ್ಪ. ನಾನು ಕೇಳುವ ಮೊದಲೇ ಅವನು ಎತ್ತುಗಳ ಹಗ್ಗ ಎಳೆದ. ನನ್ನ ಕಥೆ ಕೇಳಿ ಲಾಲ್‌ಬೀ ಬಾಯಿಗೆ ಸೆರಗು ಒತ್ತಿಕೊಂಡಳು. ಮರುಕಪಡುತ್ತಿದ್ದಾಳೆ ಎಂದುಕೊಂಡೆ. ಭುಜ ಕುಲುಕುವುದು ಕಂಡಾಗ ಸತ್ಯ ತಿಳಿಯಿತು.

“ಹಾಸಿಗಿ ಒಯ್ದಾನ, ಹೆಂಡತಿನ್ನ ಬಿಟ್ಟಾನ! ಏ ಅಂಬಪ್ಪಾ, ಇಂಥಾ ಗಂಡಸ್ರನ್ನ ನೋಡೀದೇನೋ?”

“ನಮ್ ಹೆಣ್ತಿ ಎದ್ರಿಗೆ ಈ ಸುದ್ದಿ ಹೇಳಬ್ಯಾಡ್ರಿ ಬೂಬಮ್ಮಾ,” ಎಂದ ಅಂಬಪ್ಪ. “ನಾ ಸಂತ್ಯಾಗ ಒಂದ್ಸಲ ಬಿಟ್ಟು ಬಂದೀನಿ.”

ಲಾಲ್‌ಬೀ ನನ್ನನ್ನು ಒಳಗೆ ಎಳೆದುಕೊಂಡು, ಕೂಸಿಗೆಂದು ತಂದಿದ್ದ ಹೊಸ ಕೌದಿಯನ್ನು ನನಗೆ ಹೊದಿಸಿದಳು. ಬೇಡವೆಂದರೆ, “ಕೂಸಿಗೆ ಇನ್ನೂ ಹುಟ್ಟಾಕ ಟೈಮ್ ಐತಿ, ನಿನಗ ಇಲ್ಲ,” ಎಂದಳು. ಬಂಡಿಯ ಒಳಗೆ ಗಂಟುಮೂಟೆ ಬಿಟ್ಟರೆ ಒಬ್ಬರಿಗಷ್ಟೇ ಜಾಗವಿತ್ತು. ಅವಳು ಬಂಡಿಯ ಮುಂದಿನ ಮೂಕಿಯ ಕಡೆ, ಮಳೆ ಸಿಡಿಯುವಲ್ಲಿ ಹೋಗಿ ಕುಳಿತಳು.

ಲಿಂಗಸುಗೂರಿನ ಅರ್ಧ ದಾರಿ ಕಳೆದಿರಬೇಕು. ಎದುರಿನಿಂದ ಫಟಫಟಿಯ ಸದ್ದು ಕೇಳಿಸಿತು. ನಾನು ಗೋಣಿತಟ್ಟಿನ ಪರದೆ ಸರಿಸಿ ಇಣುಕಿದೆ. ನನ್ನ ಗಂಡ ಬರುತ್ತಿದ್ದರು. ಬರುತ್ತಿದ್ದರೆಂದರೆ, ಹಾರುತ್ತಿದ್ದರು. ನಿಂತ ನೀರಿಲ್ಲ, ಗುಂಡಿಯಿಲ್ಲ, ಬ್ರೇಕಿಲ್ಲ. ಪಾಠವೆಲ್ಲ ಗಾಳಿಗೆ ಹೋಗಿ, ಕುತ್ತಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತ, ದಾರಿಯ ಎರಡೂ ಬದಿಯ ತಗ್ಗುಗಳಲ್ಲಿ ಹುಡುಕುತ್ತಿದ್ದರು. ನಾನು ಕೂಗಿದೆ, ಲಾಲ್‌ಬೀ ಕೂಗಿದಳು, ಅಂಬಪ್ಪ ಬಾರುಕೋಲು ಎತ್ತಿ ಬೀಸಿದ.

“ದಾರಿ ಬಿಡ್ರೀ!” ಎಂದು ಕೂಗುತ್ತ ಅವರು ನಮ್ಮನ್ನು ದಾಟಿ ಹೋದರು. ತಗ್ಗಿನಲ್ಲಿ ಬಿದ್ದ ಹೆಂಡತಿಯನ್ನು ಹುಡುಕುವವರ ಕಣ್ಣಿಗೆ ಬಂಡಿಯಲ್ಲಿ ಬೆಚ್ಚಗೆ ಕುಳಿತ ಹೆಂಡತಿ ಕಾಣುವುದಾದರೂ ಹೇಗೆ?

ಬಂಡಿ ನಿಂತಿತು. ನಾನು ಇಳಿಯಲು ಹೋದೆ. ಇಲ್ಲಿಯೇ ನಿಂತರೆ ಅವರು ತಿರುಗಿ ಬರುವಾಗ ಸಿಗುತ್ತಾರೆ. ಆದರೆ ಯಾವಾಗ? ಮಸ್ಕಿ ಹಳ್ಳದವರೆಗೂ ಹೋಗಿಯೇ ಹೋಗುತ್ತಾರೆ. ಅಷ್ಟರಲ್ಲಿ ಶಾಲೆ ಮುಚ್ಚುತ್ತದೆ. ಗಾಡಿಯ ಮೇಲೆ ಹಾಸಿಗೆ ಇರಲಿಲ್ಲ, ಎಂದರೆ ಶಾಲೆ ಮುಟ್ಟಿ ಹುಕುಂ ಕೊಟ್ಟೇ ತಿರುಗಿರಬೇಕು. ಅವರ ಮುಖ ಕಣ್ಣಲ್ಲೇ ಇತ್ತು. ಅಂಥ ಮುಖವನ್ನು ನಾನು ಮದುವೆಯಾದ ಮೇಲೆ ಕಂಡಿರಲಿಲ್ಲ. ಒಂದು ಕಾಲು ಕೆಳಗೆ ಬಿಟ್ಟು ಹಾಗೆಯೇ ಕುಳಿತೆ.

ಲಾಲ್‌ಬೀ ನನ್ನ ಮೊಣಕೈ ಹಿಡಿದಳು.

“ಬೇಟಿ, ಗಂಡ ತಿರುಗಿ ಬರ್ತಾನ. ಇವತ್ತಿನ ದಿವಸ ತಿರುಗಿ ಬರಂಗಿಲ್ಲ. ಕಾಲು ಮ್ಯಾಲ ತಗೋ.”

ನಾನು ಕಾಲು ಮೇಲೆ ತೆಗೆದುಕೊಂಡೆ. ಅಂಬಪ್ಪ ಹೊಲದಂಚಿನ ಮರದಡಿ ನಿಂತಿದ್ದ ಕುರುಬನನ್ನು ಕರೆದು, “ಫಟಫಟಿಯವ ತಿರುಗಿ ಬರ್ತಾನ. ಹೆಣ್ತಿ ಬಂಡ್ಯಾಗ ಸಾಲಿಗೆ ಹೋಗ್ಯಾಳ ಅಂತ ಹೇಳು. ಜಲ್ದಿ ಹೇಳು, ಎದಿ ಒಡಕೊಂಡು ಸತ್ತಾನು,” ಎಂದ. ಕುರುಬ ಮರ ಬಿಟ್ಟು ಬಂದು ದಾರಿಯ ನಡುವೆಯೇ ನಿಂತುಕೊಂಡ. ಬಂಡಿ ತಿರುವು ಮುರಿಯುವವರೆಗೂ ನೋಡಿದೆ, ಅವನು ಅಲ್ಲಾಡಲಿಲ್ಲ.

ಶಾಲೆ ಛಾವಣಿಯಲ್ಲಿ, ಅಂದರೆ ಹಿಂದೆ ದಂಡು ಬಿಡಾರ ಮಾಡಿದ್ದ ಭಾಗದಲ್ಲಿ, ಹಳೆಯ ಬಂಗಲೆಯೊಂದರಲ್ಲಿತ್ತು. ಅಲ್ಲಿ ಅಂದು ಮಧ್ಯಾಹ್ನ ನಡೆದದ್ದನ್ನು ಆಮೇಲೆ ಜವಾನ ಜಿಲಾನಿಸಾಬ್ ನನಗೆ ವರ್ಷಗಟ್ಟಲೆ ಹೇಳಿದ್ದಾನೆ. ನನ್ನ ಗಂಡ ಬಂದು, ಫಟಫಟಿಯನ್ನು ಮೆಟ್ಟಿಲ ಮುಂದೆ ನಿಲ್ಲಿಸಿ, ಇಳಿಯದೆ, ತಿರುಗಿ ನೋಡದೆ, ಹುಕುಮನ್ನು ದೊಡ್ಡ ಅಕ್ಕೋರಿಗೆ ಕೊಟ್ಟು, ಹೆಬ್ಬೆರಳಿನಿಂದ ಬೆನ್ನ ಹಿಂದೆ ತೋರಿಸಿ, “ಹಾಜರ್ ಮಾಡೀನ್ರಿ,” ಎಂದರಂತೆ. ದೊಡ್ಡ ಅಕ್ಕೋರು, ಅಂದರೆ ಮುಖ್ಯೋಪಾಧ್ಯಾಯಿನಿ ಕಸ್ತೂರೆಮ್ಮನವರು, ಕನ್ನಡಕ ಒರೆಸಿಕೊಂಡು ನೋಡಿದರಂತೆ.

“ಸಾಹೇಬ್ರ, ಹಾಸಿಗೀನ ನೇಮಕ ಮಾಡ್ಕೊಳ್ಳಾಕ ನನಗ ಅಧಿಕಾರ ಇಲ್ರೀ.”

ಆಗ ನನ್ನ ಗಂಡ ಮೊದಲ ಸಲ ಹಿಂದಿರುಗಿ ನೋಡಿದರು. ಹಾಸಿಗೆಯನ್ನು ಬಿಚ್ಚಿ ಮೆಟ್ಟಿಲ ಮೇಲೆ ಎಸೆದು ಹೋದ ರಭಸಕ್ಕೆ ಬಾಗಿಲಿನವರೆಗೂ ಕೆಸರು ಸಿಡಿಯಿತಂತೆ.

ನಮ್ಮ ಬಂಡಿ ಶಾಲೆಯ ಗೇಟು ಮುಟ್ಟಿದಾಗ ಹೊತ್ತು ಐದು ಮೀರಿತ್ತು. ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಮುಗಿಯಿತು ಎಂದುಕೊಂಡು ಇಳಿದೆ. ವರಾಂಡದಲ್ಲಿ ಜಿಲಾನಿಸಾಬ್ ಗಂಟೆಯ ಕೆಳಗೆ ನಿಂತಿದ್ದ. ಗಂಟೆ ಹೊಡೆಯುವ ಕೊಡತಿ ಕೈಯಲ್ಲೇ ಇತ್ತು. ಕಸ್ತೂರೆಮ್ಮನವರು ಒಳಗಿನಿಂದ, ಗಟ್ಟಿಯಾಗಿ, ಯಾರಿಗೂ ಅಲ್ಲ ಎನ್ನುವಂತೆ ಕೇಳಿದರು:

“ಜಿಲಾನಿಸಾಬ್, ಐದರ ಗಂಟಿ ಆತೇನು?”

“ಇನ್ನೂ ಬಡದಿಲ್ರಿ ಅಕ್ಕೋರ. ಕೈ ಹಿಡದೈತ್ರಿ, ಥಂಡಿಗೆ. ಜರಾ ಸಡ್ಲಾಗ್ಲಿ, ಬಡೀತೀನಿ.”

ಗಂಟೆ ಬಾರಿಸುವವರೆಗೆ ಸರಕಾರದ ಹೊತ್ತು ಮುಗಿಯುವಂತಿಲ್ಲ. ನಾನು ಒಳಗೆ ಹೋದೆ. ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಸ್ತೂರೆಮ್ಮನವರು ಹಾಜರಿ ಪುಸ್ತಕದ ಮೇಲೆ ತಮ್ಮ ಕರವಸ್ತ್ರ ಹಾಸಿ, ನನ್ನ ಕೈ ಒರೆಸಿ, ಲೇಖನಿ ಕೊಟ್ಟರು. ದಸ್ತಖತು ಮಾಡಿದೆ. ‘ಶೇಖರಮ್ಮ, ಬಿ.ಎ.’ ಮಸಿ ಸ್ವಲ್ಪ ಹರಡಿತು. ಹೊರಗೆ ಜಿಲಾನಿಸಾಬನ ಕೈ ಒಮ್ಮೆಲೇ ಗುಣವಾಗಿ ಗಂಟೆ ಜೋರಾಗಿ ಬಾರಿಸಿತು. ಗೇಟಿನ ಹತ್ತಿರ ಇನ್ನೂ ಕಾಯುತ್ತಿದ್ದ ಲಾಲ್‌ಬೀ ಅದನ್ನು ಕೇಳಿಯೇ ಬಂಡಿ ಹೊಡೆಸಿದಳು. ಕೌದಿ ನನ್ನ ಮೈಮೇಲೆಯೇ ಉಳಿಯಿತು.

ನನ್ನ ಗಂಡ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ನಡೆದುಕೊಂಡು, ಫಟಫಟಿಯನ್ನು ತಳ್ಳಿಕೊಂಡು ಬಂದರು. ಮೈಯಲ್ಲಿ ಎರೆ ಮಣ್ಣು ಇಲ್ಲದ ಜಾಗವೆಂದರೆ ಕಣ್ಣು. ಕುರುಬ ಸುದ್ದಿ ಮುಟ್ಟಿಸಿದ್ದನಂತೆ. ಆದರೆ ಮುಟ್ಟಿಸಿದ್ದು ಅವರು ಮಸ್ಕಿಯವರೆಗೆ ಹೋಗಿ, ನಾನು ವಾಪಸು ಹೊರಟು ಕೊಚ್ಚಿಹೋದೆನೇನೋ ಎಂದು, ಅಷ್ಟರಲ್ಲಿ ಏರಿದ್ದ ಹಳ್ಳದಲ್ಲಿ ಎದೆಮಟ್ಟ ಇಳಿದು ಹುಡುಕಿ ಬಂದ ಮೇಲೆ. ಹೋಗುವಾಗ ಅವನಿದ್ದ ಜಾಗವನ್ನು ಅವರು ಆಗಲೇ ದಾಟಿಬಿಟ್ಟಿದ್ದರು.

ವರಾಂಡದಲ್ಲಿ ನನ್ನನ್ನು ಕಂಡು ನಿಂತರು. ಏನೋ ಹೇಳಲು ಹೊರಟರು, ಕಸ್ತೂರೆಮ್ಮನವರನ್ನು ಕಂಡು ನುಂಗಿಕೊಂಡರು.

“ಹೋಗೂಮುಂದ,” ಎಂದರು, “ಗಾಡಿ ಒಂದ್ಸಲಾನೂ ಜಾರಲಿಲ್ರಿ.”

“ಹೌದ್ರೀ,” ಎಂದರು ಕಸ್ತೂರೆಮ್ಮನವರು. “ಭಾಳ ಜೋಪಾನ ಬಂದ್ರಿ. ನಾವೆಲ್ಲಾ ನೋಡೀವಿ.”

ಜಿಲಾನಿಸಾಬ್ ತುಟಿ ಕಚ್ಚಿ ನಗು ತಡೆದುಕೊಂಡು ಚಹಾ ತರಲು ಹೋದ. ತಂದು ಕೊಟ್ಟಾಗ ನನ್ನ ಗಂಡನ ಕೈಯಲ್ಲಿ ಕಪ್ಪು, ತಟ್ಟೆ ಎರಡೂ ಕಟಕಟ ಸದ್ದು ಮಾಡಿದವು. ಥಂಡಿಗೆ ಎಂದು ಅವರು ಹೇಳಿದರು. ಚಹಾ ಕುಡಿಯಲು ಆಗುತ್ತಿರಲಿಲ್ಲ, ಎಲ್ಲ ಚೆಲ್ಲುತ್ತಿತ್ತು. ನಾನು ಎದ್ದು ಹೋಗಿ, ದೊಡ್ಡ ಅಕ್ಕೋರ ಎದುರಿಗೇ, ಜವಾನನ ಎದುರಿಗೇ, ಅವರ ಎರಡೂ ಕೈಗಳನ್ನು ಕಪ್ಪಿನ ಸಮೇತ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

ಕಸ್ತೂರೆಮ್ಮನವರಿಗೆ ಆಗಲೇ ಕಿಟಕಿಯ ಆಚೆ ಮಳೆ ನಿಂತಿದೆಯೇ ಎಂದು ನೋಡಬೇಕೆನಿಸಿತು. ಹೊರಗೆ ಏನೂ ಕಾಣುವಂತಿರಲಿಲ್ಲ. ಆದರೂ ಅವರು ಚಹಾ ಮುಗಿಯುವವರೆಗೂ ನೋಡುತ್ತಲೇ ನಿಂತರು.